ವಾತವ್ಯಾಧಿಯೂ ವ್ಯಾಯಾಮವೂ: ಒಂದು ನಿಷೇಧವಾಕ್ಯದ ವಿಚಾರ

ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ದಿನಚರ್ಯೆಯೆಂಬುದು ಎರಡನೆಯ ಅಧ್ಯಾಯವಷ್ಟೆ. ಅಲ್ಲಿ ವ್ಯಾಯಾಮದ ಗುಣಗಳನ್ನು ಹೇಳಿದೊಡನೆಯೇ ಗ್ರಂಥಕಾರನು ಅದನ್ನು ಯಾರು ಯಾರು ಬಿಡತಕ್ಕದ್ದೆಂಬುದನ್ನು ಎಣಿಸಿರುವನು: ವಾತರೋಗವುಳ್ಳವನು, ಪಿತ್ತರೋಗವುಳ್ಳವನು, ಬಾಲಕನು, ವೃದ್ಧನು, ಅಜೀರ್ಣದಿಂದ ಪೀಡಿತನಾದವನು. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ನಮ್ಮಂಥವರು ವೈದ್ಯವೃತ್ತಿಯನ್ನು ಹಿಡಿಯದಿದ್ದರೂ ಈ ಅಧ್ಯಾಯದ ಕೆಲವು ಶ್ಲೋಕಗಳನ್ನಾದರೂ ಕಂಠಸ್ಥವಾಗಿ ಇಟ್ಟುಕೊಂಡಿರುತ್ತೇವೆ. ಪಾರ್ಶ್ವವಾಯು, ಕೀಲುನೋವು, ಅವಯವಗಳ ನಡುಕ ಮೊದಲಾದುವುಗಳನ್ನು ಶಾಸ್ತ್ರವು ಬಹುಮಟ್ಟಿಗೆ ವಾತದ ಲೆಕ್ಕಕ್ಕೇ ಸೇರಿಸಿರುವುದು. ಆದುದರಿಂದ ಮೇಲಣ ವಾಕ್ಯವೊಂದನ್ನೇ ಹಿಡಿದುಕೊಂಡರೆ, ಇಂಥ ರೋಗಿಗಳನ್ನು ಎಬ್ಬಿಸಿ ನಿಲ್ಲಿಸಿ ನಡೆಸುವ ಈಗಿನ ಭೌತಚಿಕಿತ್ಸೆಯು ಶಾಸ್ತ್ರವಿರುದ್ಧವೆಂದು ಹೇಳಬೇಕಾಗುತ್ತದೆ. ಹಾಗೆ ಹೇಳಿದವರುಂಟು. ಅವರಲ್ಲಿ ನಾನೂ ಒಬ್ಬನು.

ಈ ವಿಚಾರವನ್ನು ಬರೆಯಲು ಕಾರಣವಾದ ಸಂಗತಿಯನ್ನು ಮರೆಸುವುದು ಸರಿಯಲ್ಲ. ನಮ್ಮ ಅಣ್ಣಂದಿರಿಗೆ ಪಾರ್ಶ್ವವಾಯುವಾಗಿ ಬಲಗೈಯೂ ಬಲಗಾಲೂ ಬಿದ್ದುಹೋದುವು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ, ದಿನವೂ ಅಂಗಗಳನ್ನು ಆಡಿಸಬೇಕು, ಕೂರಿಸಬೇಕು, ನಿಲ್ಲಿಸಬೇಕು ಎಂದು ಅಲ್ಲಿಯವರು ಹೇಳಿ ಕಳುಹಿಸಿದ್ದರು. ಅಣ್ಣಂದಿರೂ ವ್ಯಾಕರಣವಿದ್ವಾಂಸರೇ, ಶಾಸ್ತ್ರದಲ್ಲಿ ಏನಿದೆಯೆಂದು ನನ್ನನ್ನು ಕೇಳಿದರು. ನಾನು ವಾಗ್ಭಟನ ಆ ಶ್ಲೋಕವನ್ನು ಓದಿ ಅರ್ಥ ಹೇಳಿದೆನು. ಎರಡು ತಿಂಗಳು ಎಣ್ಣೆಯನ್ನು ಹಚ್ಚಿದ್ದಾಯಿತು, ಶಾಖ ಕೊಟ್ಟದ್ದಾಯಿತು. ಮಂಚದಿಂದ ಅವರನ್ನು ಇಳಿಸಲಿಲ್ಲ. ಮೂರನೆಯ ತಿಂಗಳಲ್ಲಿ ಅವರ ಸೊಸೆಯು ನಮ್ಮನ್ನು ಕೇಳದೆಯೇ ಭೌತಚಿಕಿತ್ಸೆಯನ್ನು ಕಲಿತ ಒಬ್ಬ ತರುಣಿಯನ್ನು ಕರೆಸಿದಳು. ಮಿದುಳಿನ ಆಘಾತವಾದ ಮೊದಲ ಮೂರು ತಿಂಗಳುಗಳಲ್ಲಿಯೇ ಚೇತರಿಕೆಯು ಅಧಿಕವೆಂಬುದನ್ನು ನಾನು ಆಕೆಯಿಂದ ತಿಳಿದುಕೊಂಡೆನು. ಅಷ್ಟು ಹೊತ್ತಿಗೆ ಎರಡು ತಿಂಗಳು ಕಳೆದಿದ್ದುವು. ಅನಂತರವೇ ನಾನು ಗ್ರಂಥಗಳನ್ನು ಮತ್ತೆ ತೆರೆದದ್ದು.

ಮೊದಲು ನಿಷೇಧದ ವಿಷಯವನ್ನು ನೋಡೋಣ. ಬಿಡಬೇಕೆಂದಿರುವುದು ವ್ಯಾಯಾಮವನ್ನು. ವ್ಯಾಯಾಮವೆಂದರೇನು? ಸುಶ್ರುತನು ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ, ಶರೀರಕ್ಕೆ ಆಯಾಸವನ್ನುಂಟುಮಾಡುವ ಕರ್ಮಕ್ಕೆ ಆ ಹೆಸರೆಂದು ಹೇಳಿರುವನು. ಆಯಾಸವು ‘ಯಸ್’ ಧಾತುವಿನಿಂದ ಬಂದದ್ದು, ವ್ಯಾಯಾಮವು ‘ಯಮ್’ ಧಾತುವಿನಿಂದ ಬಂದದ್ದು. ಧ್ವನಿಸಾಮ್ಯವಿದ್ದರೂ ಇವು ಬೇರೆ ಬೇರೆ ಶಬ್ದಗಳು. ಆದರೆ ವೈದ್ಯಶಾಸ್ತ್ರದ ಪರಿಭಾಷೆಯಲ್ಲಿ ಶ್ರಮವೇ ವ್ಯಾಯಾಮದ ಲಕ್ಷಣವಾಗಿ ನಿಂತಿತು. ವಾಗ್ಭಟನು ವಿಧಿಸುವುದೂ ಬಲಶಾಲಿಗಳಿಗೆ, ಸ್ನಿಗ್ಧಾಹಾರವನ್ನುಣ್ಣುವವರಿಗೆ, ಶೀತಕಾಲದಲ್ಲಿಯೂ ವಸಂತದಲ್ಲಿಯೂ, ಅವರ ಶಕ್ತಿಯ ಅರ್ಧದಷ್ಟು. ಆ ಅಧ್ಯಾಯವು ಸ್ವಸ್ಥನ ದಿನಚರ್ಯೆ. ಬಿದ್ದ ಅಂಗವನ್ನು ಎಬ್ಬಿಸುವ ಚಿಕಿತ್ಸೆಯು ಅಲ್ಲಿಯ ಪ್ರಸಕ್ತಿಯೇ ಅಲ್ಲ. ಗರಡಿಗೆ ಹೋಗುವವನ ಶ್ರಮವನ್ನು ವಾತರೋಗಿಯು ಮಾಡಬಾರದೆಂದರೆ ಅದನ್ನು ಯಾವ ಭೌತಚಿಕಿತ್ಸಕನೂ ಅಲ್ಲಗಳೆಯನು. ಪ್ರಕರಣವನ್ನು ನೋಡದೆ ವಾಕ್ಯಕ್ಕೆ ಅರ್ಥ ಹೇಳಬಾರದೆಂಬುದು ಮೀಮಾಂಸೆಯಲ್ಲಿ ನಮಗೆ ಬಾಲ್ಯದಲ್ಲಿಯೇ ಕಲಿಸಿದ ಪಾಠ. ಅದನ್ನು ಯಾಗದ ವಾಕ್ಯಗಳಿಗೆ ಮಾತ್ರ ಉಪಯೋಗಿಸುವುದು ನಮ್ಮ ಅಭ್ಯಾಸವಾಗಿಬಿಟ್ಟಿದೆ. ಚರಕನಾದರೋ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಸ್ಥೈರ್ಯಕ್ಕೂ ಬಲವೃದ್ಧಿಗೂ ಕಾರಣವಾದ ಇಷ್ಟವಾದ ಶರೀರಚೇಷ್ಟೆಯೇ ವ್ಯಾಯಾಮವೆಂದೂ ಅದನ್ನು ಮಾತ್ರೆಯರಿತು ಮಾಡಬೇಕೆಂದೂ ಹೇಳಿ ಲಕ್ಷಣವನ್ನು ವಿಶಾಲಗೊಳಿಸಿರುವನು.

ಹಾಗಾದರೆ ಪಕ್ಷಾಘಾತದ ಪ್ರಕರಣದಲ್ಲಿಯೇ ಏನಿದೆ? ಸುಶ್ರುತನ ಚಿಕಿತ್ಸಾಸ್ಥಾನದ ಐದನೆಯ ಅಧ್ಯಾಯವನ್ನು ನೋಡಬೇಕು. ಅಂಗವು ಬಾಡದಿರುವವನೂ ವೇದನೆಯುಳ್ಳವನೂ ಆತ್ಮಸಂಯಮವುಳ್ಳವನೂ ಉಪಕರಣಗಳುಳ್ಳವನೂ ಆದ ರೋಗಿಯನ್ನು ಕೈಗೊಳ್ಳಬೇಕೆಂದು ಹೇಳಿ, ಸ್ನೇಹನ, ಸ್ವೇದನ, ಮೃದುವಾದ ಶೋಧನ, ಬಸ್ತಿಗಳು, ಶಿರೋಬಸ್ತಿ, ಅಣುತೈಲದ ಅಭ್ಯಂಗ, ಬಿಸಿಯ ಕಟ್ಟು, ಇವುಗಳನ್ನು ಕ್ರಮವಾಗಿ ವಿಧಿಸಿ, ಹೀಗೆ ಮೂರು ಅಥವಾ ನಾಲ್ಕು ತಿಂಗಳು ಆಲಸ್ಯವಿಲ್ಲದೆ ನಡೆಸಬೇಕೆನ್ನುವನು. ವೇದನೆಯಿದ್ದರೆ ಆಶೆಯುಂಟು, ಅಂಗವು ಒಣಗಿದ್ದರೆ ಕಷ್ಟವೆಂಬ ವಿವೇಚನೆಯೂ, ಚಿಕಿತ್ಸೆಯು ತಿಂಗಳುಗಟ್ಟಲೆ ನಡೆಯಬೇಕೆಂಬ ಎಚ್ಚರಿಕೆಯೂ ಅನುಭವಿಯ ಮಾತುಗಳು. ಸಂಧಿಗತವಾದ ವಾತಕ್ಕೆ ಎಣ್ಣೆ, ಬಿಸಿಕಟ್ಟು, ಸುಡುವುದು, ಬಿಗಿಯುವುದು, ಕೈಯಿಂದ ಉಜ್ಜಿ ಒತ್ತುವುದು ಹೇಳಿವೆ. ಇವೆಲ್ಲವೂ ರೋಗಿಗೆ ಇನ್ನೊಬ್ಬರು ಮಾಡುವ ಕ್ರಿಯೆಗಳು. ರೋಗಿಯು ತಾನೇ ಮಾಡತಕ್ಕ ಕ್ರಿಯೆಯೊಂದೂ ಈ ಪ್ರಕರಣದಲ್ಲಿ ನನಗೆ ಸಿಕ್ಕಲಿಲ್ಲ.

ಪ್ರಸಂಗವಶಾತ್ ಒಂದು ಶಬ್ದವಿಚಾರ. ಕನ್ನಡನಾಡಿನಲ್ಲಿ ಜನರು ಈ ರೋಗವನ್ನು ‘ಲಕ್ವ’ವೆಂದು ಕರೆಯುವರು. ಇದು ಅರಬ್ಬೀ ವೈದ್ಯದಿಂದ ಬಂದ ಮಾತು. ಅಲ್ಲಿ ಅದಕ್ಕೆ ಮುಖವು ಸೊಟ್ಟಗಾಗುವ ರೋಗವೆಂದೇ ಅರ್ಥ, ಎಂದರೆ ನಮ್ಮವರ ‘ಅರ್ದಿತ’. ಅರ್ಧ ದೇಹವು ಬೀಳುವುದಕ್ಕೆ ಅವರಲ್ಲಿ ‘ಫಾಲಿಜ್’ ಎಂಬ ಬೇರೆ ಹೆಸರುಂಟು. ನಮ್ಮಲ್ಲಿ ಎರಡನೆಯದು ನಿಲ್ಲದೆ, ಮೊದಲನೆಯದೇ ಎರಡು ಅರ್ಥಗಳನ್ನೂ ಹೊತ್ತಿದೆ.

ರೋಗಿಯು ತಾನೇ ಮಾಡತಕ್ಕ ಚಿಕಿತ್ಸೆಯು ಬೇರೆ ಎರಡು ಸ್ಥಳಗಳಲ್ಲಿ ಕಾಣುವುದು. ಒಂದು ಸುಶ್ರುತನ ಭಗ್ನಚಿಕಿತ್ಸೆ, ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯ. ಅಂಗೈಯ ಎಲುಬು ಮುರಿದವನಿಗೆ ಕಟ್ಟು ಕಟ್ಟಿ ಎಣ್ಣೆಯನ್ನೆರೆದ ಮೇಲೆ, ಮೊದಲು ಮೆತ್ತನೆಯ ಮುದ್ದೆಯನ್ನು ಹಿಡಿಯಲು ಕೊಟ್ಟು, ಕೊನೆಗೆ ಹಸ್ತದಲ್ಲಿ ಬಲವು ಹುಟ್ಟಿದಾಗ ಕಲ್ಲನ್ನು ಹಿಡಿಯಿಸಬೇಕೆಂದು ಅಲ್ಲಿ ಹೇಳಿದೆ. ಬಲವನ್ನು ನೋಡಿಕೊಂಡು ಭಾರವನ್ನು ಏರಿಸುತ್ತ ಹೋಗುವ ಈ ಕ್ರಮವು ಇಂದಿನ ಭೌತಚಿಕಿತ್ಸಾಲಯಗಳಲ್ಲಿ ಪ್ರತಿದಿನವೂ ನಡೆಯುವುದೇ ಆಗಿದೆ.

ಎರಡನೆಯದು ಚರಕನ ಊರುಸ್ತಂಭಪ್ರಕರಣ, ಚಿಕಿತ್ಸಾಸ್ಥಾನದ ಇಪ್ಪತ್ತೇಳನೆಯ ಅಧ್ಯಾಯ. ಇದು ಸ್ವಾರಸ್ಯವಾದ ಅಧ್ಯಾಯ. ಪಂಚಕರ್ಮಗಳಿಂದ ಸಾಧಿಸಲಾರದ ರೋಗವೂ ಉಂಟೆ ಎಂದು ಅಗ್ನಿವೇಶನು ಕೇಳಲು, ಒಂದುಂಟು, ಅದು ಊರುಸ್ತಂಭವೆಂದು ಆತ್ರೇಯನು ಉತ್ತರ ಕೊಡುವನು. ತೊಡೆಗಳು ಭಾರವಾಗಿ ಮರಗಟ್ಟಿ, ರೋಗಿಗೆ ತನ್ನ ಕಾಲುಗಳು ಮತ್ತೊಬ್ಬರು ಎತ್ತಿಡಬೇಕಾದ ವಸ್ತುಗಳಂತೆ ತೋರುವುವು. ಇದನ್ನು ವಾತವೆಂದು ಶಂಕಿಸಿ ಅಜ್ಞಾನದಿಂದ ಎಣ್ಣೆಯ ಚಿಕಿತ್ಸೆಯನ್ನು ಮಾಡಿದರೆ ಕಾಲುಗಳು ಮತ್ತಷ್ಟು ಕುಸಿದು ಜೋಮುಗಟ್ಟುವುವೆಂದು ಚರಕಸಂಹಿತೆಯೇ ಎಚ್ಚರಿಸುವುದು. ಬೇರೆ ಔಷಧಗಳನ್ನೆಲ್ಲ ಹೇಳಿದ ತರುವಾಯ, ಕಫವು ಕ್ಷೀಣವಾಗಲೆಂದು ರೋಗಿಯನ್ನು ಅವನಿಗೆ ಶಕ್ಯವಾದ ವ್ಯಾಯಾಮಗಳಲ್ಲಿ ತೊಡಗಿಸಬೇಕು. ಬೆಳಗ್ಗೆ ನೆಲದ ಮೇಲೂ ಹರಳುಗಳ ಮೇಲೂ ಮರಳಿನ ಮೇಲೂ ನಡೆಯಿಸಬೇಕು. ತಣ್ಣೀರಿನ ಅಪಾಯವಿಲ್ಲದ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಈಜಿಸಬೇಕು. ನಿಂತ ನೀರಿನ ನಿರ್ಮಲವಾದ ಸರಸ್ಸಿನಲ್ಲಿ ಮತ್ತೆ ಮತ್ತೆ ಈಜಿಸಬೇಕೆಂದು ವಿಧಿಸಿದೆ. ಹರಳು, ಮರಳು, ಹರಿವ ನೀರು, ನಿಂತ ನೀರು ಎಂದು ಬೇರೆ ಬೇರೆಯಾಗಿ ಹೇಳಿರುವುದು ನಡೆಸಿ ನೋಡಿದವರ ಮಾತೆಂದು ನನಗೆ ತೋರುತ್ತದೆ. ‘ಶಕ್ಯ’ವೆಂಬ ವಿಶೇಷಣವು ಇಲ್ಲಿ ಬಹು ಮುಖ್ಯವಾದದ್ದು. ವಾಗ್ಭಟನ ಅರ್ಧಶಕ್ತಿಯು ಬಲಶಾಲಿಗೆ ಹಾಕಿದ ಮೇರೆ. ಚರಕಸಂಹಿತೆಯ ಶಕ್ಯವು ದುರ್ಬಲನಿಗೆ ಕೊಟ್ಟ ಅವಕಾಶ.

ಈ ಎರಡು ಸ್ಥಳಗಳನ್ನು ಕಂಡ ಮೇಲೆ ನನಗೆ ಉತ್ಸಾಹವು ಮಿತಿಮೀರಿತು. ಭೌತಚಿಕಿತ್ಸೆಯೆಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಸ್ನೇಹಿತರ ಗೋಷ್ಠಿಯೊಂದರಲ್ಲಿ ಹೇಳಿದ್ದೂ ಆಯಿತು. ಮರುದಿನವೇ ಜೇಡಿಮಣ್ಣಿನ ಮುದ್ದೆಯನ್ನು ಮಾಡಿ ಅಣ್ಣಂದಿರ ಬಲಗೈಯಲ್ಲಿಟ್ಟು ಹಿಸುಕಲು ಹೇಳಿದೆನು. ಅಷ್ಟರಲ್ಲಿ ಬಂದ ಆ ತರುಣಿಯು ಅದನ್ನು ಮೆಲ್ಲಗೆ ತೆಗೆದಿಟ್ಟು, “ಇವರ ಮುಷ್ಟಿ ತಾನಾಗಿಯೇ ಬಿಗಿದುಕೊಳ್ಳುತ್ತಿದೆ ಸ್ವಾಮಿ. ಈಗ ಕಲಿಯಬೇಕಾದದ್ದು ಹಿಡಿಯುವುದನ್ನಲ್ಲ, ಬಿಡುವುದನ್ನು” ಎಂದಳು. ಎಲುಬು ಮುರಿದ ಕೈಯಲ್ಲಿ ಸ್ನಾಯುವು ಸೊರಗಿರುವುದು, ಅದಕ್ಕೆ ಅಪ್ಪಣೆ ಕೊಡುವ ಮಿದುಳು ಸರಿಯಾಗಿರುವುದು. ಪಕ್ಷಾಘಾತದಲ್ಲಿ ಅಪ್ಪಣೆಯೇ ಕೆಟ್ಟಿರುವುದು. ಮಡಿಚುವ ಸ್ನಾಯುಗಳು ಬಿಗಿದು, ಬಿಚ್ಚುವ ಸ್ನಾಯುಗಳು ಸುಮ್ಮನಿರುವುವು. ಭಗ್ನಪ್ರಕರಣದ ವಾಕ್ಯವನ್ನು ಪಕ್ಷಾಘಾತಕ್ಕೆ ಹಚ್ಚಿದ ನಾನು, ದಿನಚರ್ಯೆಯ ವಾಕ್ಯವನ್ನು ಹಚ್ಚಿದಾಗ ಮಾಡಿದ ತಪ್ಪನ್ನೇ ಎರಡನೆಯ ಸಾರಿ ಮಾಡಿದ್ದೆನು. ಮೊದಲು ಶಾಸ್ತ್ರದ ಹೆಸರಿನಲ್ಲಿ ಹೊಸದನ್ನು ತಡೆದೆನು. ಆಮೇಲೆ ಹೊಸದೆಲ್ಲವನ್ನೂ ಶಾಸ್ತ್ರದಲ್ಲಿ ಕಂಡೆನು. ನಮ್ಮ ಪತ್ರಿಕೆಗಳಲ್ಲಿ ಬರುವ ‘ಪ್ರಾಚೀನರ ವಿಜ್ಞಾನ’ದ ಲೇಖನಗಳಲ್ಲಿ ಎರಡನೆಯ ಬಗೆಯದೇ ಹೆಚ್ಚು, ಮತ್ತು ಅದನ್ನು ತಡೆಯಲು ಅಂಥ ತರುಣಿಯರು ಅಲ್ಲಿರುವುದಿಲ್ಲ.

ವ್ಯಾಯಾಮದ ಜ್ಞಾನವು ಈ ದೇಶದಲ್ಲಿ ಎಲ್ಲಿ ಬೆಳೆಯಿತೆಂದು ಕೇಳಿದರೆ, ಮಲ್ಲರಲ್ಲಿ ಎನ್ನಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅಲ್ಲಿ ಮಲ್ಲರ ಶ್ರಮಗಳನ್ನು ವಿಂಗಡಿಸಿ, ಭಾರವನ್ನೆತ್ತುವುದು, ತಿರುಗಾಡುವುದು, ನೀರಿನಲ್ಲಿ ಶ್ರಮಿಸುವುದು, ತೋಳಿಗೆ ತೋಳನ್ನು ಒತ್ತುವುದು, ಕಂಬದ ಮೇಲೆ ಸಾಧನೆ ಮಾಡುವುದು ಎಂದು ಹೇಳಿರುವನು. ಇದೇ ಗ್ರಂಥದಲ್ಲಿ ಅಭ್ಯಂಗಸ್ನಾನದ ವರ್ಣನೆಯು ರಾಜಭೋಗಗಳ ಪಂಕ್ತಿಯಲ್ಲಿ ಬೇರೆಯಾಗಿಯೇ ಕುಳಿತಿದೆ. ಒಂದು ವಿನೋದ, ಇನ್ನೊಂದು ಭೋಗ, ಎರಡೂ ಚಿಕಿತ್ಸೆಯಲ್ಲ. ಈ ವಿಭಾಗವು ಸೋಮೇಶ್ವರನ ಗ್ರಂಥಕ್ಕೆ ಮಾತ್ರ ಸೇರಿದ್ದಲ್ಲವೆಂದು ನನ್ನ ಅಭಿಪ್ರಾಯ. ಎಣ್ಣೆಯೂ ಕಷಾಯವೂ ವೈದ್ಯನ ಮನೆಯಲ್ಲಿ ನಿಂತುವು. ಅಂಗಸಾಧನೆಯು ಗರಡಿಯ ಕೆಮ್ಮಣ್ಣಿನಲ್ಲಿ ನಿಂತಿತು. ಹಳ್ಳಿಗಳಲ್ಲಿ ಉಳುಕು ತೆಗೆಯುವವರು, ಕೀಲು ಕೂರಿಸುವವರು, ಬಾಣಂತಿಗೆ ನೀವಿ ನೀರೆರೆಯುವ ಹೆಂಗಸರು ಕೈಯ ಜ್ಞಾನವನ್ನು ಕಾಪಾಡಿದರು. ಅಕ್ಷರವು ಇವರ ಕೈಯಲ್ಲಿರಲಿಲ್ಲ. ಅಕ್ಷರವಿದ್ದವರು ಇವರನ್ನು ಕೇಳಲೂ ಇಲ್ಲ.

ಪಶ್ಚಿಮದಲ್ಲಿಯೂ ಇವು ಕೂಡಿದ್ದು ಬಹಳ ಹಿಂದಿನ ಮಾತಲ್ಲ. ಸ್ವೀಡನ್ ದೇಶದಲ್ಲಿ ಲಿಂಗ್ ಎಂಬಾತನು ೧೮೧೩ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ವಿದ್ಯಾಶಾಲೆಯನ್ನು ತೆರೆದನು. ಇಂಗ್ಲೆಂಡಿನಲ್ಲಿ ೧೮೯೪ರಲ್ಲಿ ನಾಲ್ವರು ದಾದಿಯರು ಅಂಗಮರ್ದನವಿದ್ಯೆಯ ಮಾನವನ್ನು ಉಳಿಸುವುದಕ್ಕಾಗಿ ಸಂಘವನ್ನು ಕಟ್ಟಿದರು. ಇಂದಿನ ಭೌತಚಿಕಿತ್ಸಕರ ಸಂಘವು ಅದರಿಂದ ಬೆಳೆದದ್ದು. ಆದರೆ ನಮ್ಮ ವಿಚಾರಕ್ಕೆ ಇವರೆಲ್ಲರಿಗಿಂತಲೂ ಮುಖ್ಯನು ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಊರಿನಲ್ಲಿದ್ದ ಹೈನ್ರಿಖ್ ಫ್ರೆಂಕೆಲ್ ಎಂಬ ವೈದ್ಯನು. ಬೆನ್ನುಹುರಿಯು ಕೆಟ್ಟು, ತನ್ನ ಕೈಕಾಲುಗಳು ಎಲ್ಲಿವೆಯೆಂಬ ಅರಿವೇ ತಪ್ಪಿದ್ದ ರೋಗಿಯೊಬ್ಬನನ್ನು ಅವನು ಪರೀಕ್ಷಿಸಿದನು. ಬೆರಳಿನಿಂದ ಮೂಗನ್ನು ಮುಟ್ಟೆಂದರೆ ರೋಗಿಗೆ ಆಗಲಿಲ್ಲ. ಕೆಲವು ತಿಂಗಳ ಮೇಲೆ ಅವನೇ ಬಂದು ಸರಾಗವಾಗಿ ಮುಟ್ಟಿದನು. ರೋಗವು ಹೋಗಿರಲಿಲ್ಲ, ಪರೀಕ್ಷೆಯಲ್ಲಿ ಗೆಲ್ಲಬೇಕೆಂದು ಅವನು ಮನೆಯಲ್ಲಿ ಅದನ್ನೇ ಸಾಧನೆ ಮಾಡಿದ್ದನು. ಫ್ರೆಂಕೆಲನು ಅಲ್ಲಿಂದ ತನ್ನ ಕ್ರಮವನ್ನು ಕಂಡುಕೊಂಡನು. ಮಲಗಿಕೊಂಡು ಹಿಮ್ಮಡಿಯನ್ನು ಸರಿಸುವುದು, ಕುಳಿತು ಪಾದವನ್ನು ಗುರುತಿನ ಮೇಲಿಡುವುದು, ನಿಂತು ನೆಲದಲ್ಲಿ ಬರೆದ ಹೆಜ್ಜೆಗಳ ಮೇಲೆ ನಡೆಯುವುದು, ಎಲ್ಲವನ್ನೂ ನಿಧಾನವಾಗಿ, ಎಣಿಸುತ್ತ, ಕಣ್ಣಿನಿಂದ ನೋಡುತ್ತ. ಇಲ್ಲಿ ಬಲವನ್ನು ಬೆಳೆಸುವ ಉದ್ದೇಶವಿಲ್ಲ. ಕಳೆದುಹೋದ ಚಲನೆಯನ್ನು ಪುನಃ ಪಾಠ ಮಾಡಿಸುವ ಉದ್ದೇಶ.

ಇದಕ್ಕೆ ನಮ್ಮಲ್ಲಿ ಸರಿಯಾದ ಶಬ್ದವು ವ್ಯಾಯಾಮವಲ್ಲ, ಅಭ್ಯಾಸ. ವೇದಾಧ್ಯಯನ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪದವನ್ನು ಬಿಡಿಸಿ, ಕ್ರಮವಾಗಿ ಜೋಡಿಸಿ, ಹಿಂದುಮುಂದಾಗಿ ಹೇಳಿಸಿ, ತಪ್ಪಿದ ಕಡೆ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿಸುವ ಗುರುಗಳು ನಮಗೆ ಆಯಾಸವನ್ನು ಕೊಡುವುದಕ್ಕಾಗಿ ಹಾಗೆ ಮಾಡಲಿಲ್ಲ. ವಾಗ್ಭಟನು ವಾತರೋಗಿಗೆ ಬೇಡವೆಂದದ್ದು ಆಯಾಸವನ್ನು. ಅಭ್ಯಾಸವನ್ನು ಅವನು ನಿಷೇಧಿಸಲೂ ಇಲ್ಲ, ಈ ರೋಗಕ್ಕೆ ವಿಧಿಸಲೂ ಇಲ್ಲ.

ತಲೆತಿರುಗಿನ ವಿಷಯದಲ್ಲಿಯೂ ಹೀಗೆಯೇ. ದೇಹವು ಚಕ್ರದಂತೆ ತಿರುಗಿ ರೋಗಿಯು ನೆಲಕ್ಕೆ ಬೀಳುವನೆಂಬ ಮಾಧವನಿದಾನದ ಭ್ರಮಲಕ್ಷಣವು ಯಥಾರ್ಥವಾಗಿದೆ. ಕಾರಣವಾಗಿ ಹೇಳಿರುವುದು ರಜಸ್ಸು, ಪಿತ್ತ, ವಾತಗಳನ್ನು. ಒಳಗಿವಿಯ ಅರ್ಧಚಂದ್ರಾಕಾರದ ನಾಳಗಳಿಗೂ ದೇಹದ ತೂಕಕ್ಕೂ ಇರುವ ಸಂಬಂಧವು ತಿಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕಣ್ಣು, ತಲೆ, ದೇಹಗಳನ್ನು ಕ್ರಮವಾಗಿ ಚಲಿಸಿ ಈ ತೂಕವನ್ನು ಮರಳಿ ಕಲಿಸುವ ಅಭ್ಯಾಸಗಳನ್ನು ಇಂಗ್ಲೆಂಡಿನ ಕಾಥಾರ್ನ್, ಕುಕ್ಸಿ ಎಂಬವರು ೧೯೪೦ರ ದಶಕದಲ್ಲಿ ಏರ್ಪಡಿಸಿದರು. ನಮ್ಮ ದೇಶದಲ್ಲಿ ಈ ವಿದ್ಯೆಗೆ ಶಾಲೆಯು ೧೯೫೩ರಲ್ಲಿ ಮುಂಬಯಿಯ ಕಿಂಗ್ ಎಡ್ವರ್ಡ್ ಆಸ್ಪತ್ರೆಯಲ್ಲಿ ಏರ್ಪಟ್ಟಿತು.

ಹೆಸರಿನ ವಿಷಯದಲ್ಲಿ ಒಂದು ಮಾತು. ‘ಭೌತಚಿಕಿತ್ಸೆ’ಯೆಂಬುದು ಇಂಗ್ಲಿಷಿನ ಪದವನ್ನು ನೋಡಿ ಮಾಡಿದ ತರ್ಜುಮೆ. ಅಷ್ಟಾಂಗಗಳಲ್ಲಿ ಭೂತವಿದ್ಯೆಯೆಂಬ ಒಂದು ಅಂಗವಿದ್ದು ಅದು ಗ್ರಹಬಾಧೆಗಳನ್ನು ಕುರಿತದ್ದಾದುದರಿಂದ, ಶಾಸ್ತ್ರಿಗಳ ಕಿವಿಗೆ ಭೌತಚಿಕಿತ್ಸೆಯು ದೆವ್ವ ಬಿಡಿಸುವುದೆಂದು ಕೇಳಿದರೂ ಕೇಳೀತು. ಚರಕನನ್ನು ಅನುಸರಿಸಿ ‘ಚೇಷ್ಟಾಚಿಕಿತ್ಸೆ’ ಎನ್ನೋಣವೆಂದರೆ, ಕನ್ನಡದಲ್ಲಿ ಚೇಷ್ಟೆಯೆಂದರೆ ಹುಡುಗರ ತುಂಟತನ. ಜನರು ಫಿಸಿಯೊಥೆರಪಿಯೆಂದೇ ಹೇಳುತ್ತಿರುವರು. ಅದೇ ನಿಲ್ಲುವಂತೆ ತೋರುತ್ತದೆ.

ಅಣ್ಣಂದಿರು ಈಗ ಕೋಲನ್ನೂರಿಕೊಂಡು ನಡುಮನೆಯಿಂದ ಜಗುಲಿಗೆ ಬರುವರು. ಅವರನ್ನು ಎಬ್ಬಿಸುವಾಗ ಬಿದ್ದ ಕಡೆಯ ತೋಳನ್ನು ಹಿಡಿದು ಎಳೆಯಕೂಡದು, ಹೆಗಲಿನ ಕೀಲು ಸಡಿಲುವುದೆಂಬುದನ್ನು ಮನೆಯವರೆಲ್ಲರೂ ಕಲಿತಿರುವೆವು. ಕಾಲು ಬಹುಮಟ್ಟಿಗೆ ಬಂದಿದೆ. ಕೈ ಬಂದಿಲ್ಲ. ಮೊದಲ ಎರಡು ತಿಂಗಳು ವ್ಯರ್ಥವಾಗದಿದ್ದರೆ ಬರುತ್ತಿತ್ತೆ ಎಂದು ನಾನು ಆ ತರುಣಿಯನ್ನು ಒಮ್ಮೆ ಕೇಳಿದೆನು. ಆಕೆ ಅದಕ್ಕೆ ಉತ್ತರ ಕೊಡದೆ, ಬೆರಳುಗಳನ್ನು ಒಂದೊಂದಾಗಿ ಬಿಚ್ಚಿಸುವುದು ಹೇಗೆಂಬುದನ್ನು ನನಗೆ ತೋರಿಸಿಕೊಟ್ಟಳು. ಅದನ್ನು ಪ್ರಾತಃಕಾಲ ಇಪ್ಪತ್ತು ಸಾರಿ, ಸಾಯಂಕಾಲ ಇಪ್ಪತ್ತು ಸಾರಿ ನಾನೇ ಮಾಡಿಸುತ್ತಿರುವೆನು.