ಚಾಂಗಿ ಸೆರೆಯಲ್ಲಿ ಒಂದು ಫುಟ್‌ಬಾಲ್ ಪದಕ

ಕಳೆದ ಯುಗಾದಿ ಕೂಟದಲ್ಲಿ ಒಬ್ಬಟ್ಟಿನ ಸಾಲಿನಲ್ಲಿ ನಿಂತಿದ್ದಾಗ ನನ್ನ ಮುಂದಿದ್ದ ಇಬ್ಬರು ತಾಯಂದಿರ ಮಾತು ಕಿವಿಗೆ ಬಿತ್ತು. ಒಬ್ಬರ ಮಗ ಈಜಿನಲ್ಲಿ ಮುಂದು, ಇನ್ನೊಬ್ಬರ ಮಗಳು ಗಣಿತದಲ್ಲಿ ಮುಂದು. ಇಬ್ಬರಲ್ಲಿ ಯಾರು ಹೆಚ್ಚು ಎಂಬುದು ಮಜ್ಜಿಗೆ ಅನ್ನದ ಹೊತ್ತಿಗೂ ತೀರ್ಮಾನವಾಗಲಿಲ್ಲ. ಅವರನ್ನು ಕಂಡು ನಗುವ ಹಕ್ಕು ನನಗಿಲ್ಲ. ಪುಂಗೋಲಿನ ಮನೆಗೆ ಮರಳಿದ ಮೇಲೆ ನಾನೂ ನನ್ನ ಮಗನ ಅಂಕಗಳನ್ನು ಪಕ್ಕದ ಬ್ಲಾಕಿನ ಹುಡುಗನ ಅಂಕಗಳೊಡನೆ ತೂಗಿ ನೋಡಿದೆ. ನಾನು ರಸಾಯನಶಾಸ್ತ್ರದವನು. ಎರಡು ಮಾದರಿಗಳನ್ನು ಹೋಲಿಸಬೇಕಾದರೆ ಉಷ್ಣತೆ, ಒತ್ತಡ, ಕಾಲ ಎಲ್ಲವೂ ಒಂದೇ ಇರಬೇಕೆಂದು ಪ್ರಯೋಗಶಾಲೆಯ ಕಿರಿಯರಿಗೆ ದಿನವೂ ಹೇಳುವವನು. ಮನೆಯ ಹೊಸ್ತಿಲು ದಾಟಿದೊಡನೆ ಆ ಪಾಠ ಮರೆತುಹೋಗುತ್ತದೆ.

ಇದನ್ನು ಮೆಲ್ಬರ್ನಿನಿಂದ ಬಂದ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರು ತಮ್ಮ ನಾಡಿನ ಫುಟ್‌ಬಾಲಿನ ಕಥೆ ತೆಗೆದರು. ಅದು ನಾವು ಊರಿನಲ್ಲಿ ಆಡುತ್ತಿದ್ದ ಕಾಲ್ಚೆಂಡಲ್ಲ. ಮೈದಾನವೂ ಅಂಡಾಕಾರ, ಚೆಂಡೂ ಅಂಡಾಕಾರ. ಒಂದೊಂದು ಪಕ್ಷದಲ್ಲಿ 18 ಜನ. ಚೆಂಡನ್ನು ಕೈಯಲ್ಲಿ ಹಿಡಿಯಲೂಬಹುದು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಕಂಬದೊಳಗೆ ಹೋದರೆ 1. ಇದರ ಮೊದಲ ನಿಯಮಗಳನ್ನು ಮೆಲ್ಬರ್ನಿನಲ್ಲಿ 1859ರಲ್ಲಿ ಬರೆದರು. ವಿಕ್ಟೋರಿಯಾ ಪ್ರಾಂತದ ಲೀಗು 1897ರಲ್ಲಿ ಆಟ ಆರಂಭಿಸಿತು. 1990ರಲ್ಲಿ ಅದೇ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರು ಪಡೆಯಿತು.

ಈ ಲೀಗಿನ ಹಳೆಯ ತಲೆನೋವು ಎಂದರೆ ಎಳೆಯ ಪ್ರತಿಭೆಯ ಹಂಚಿಕೆ. ಮೊದಲು ಊರಿನ ಸೀಮೆಗಳನ್ನು ಕ್ಲಬ್ಬುಗಳಿಗೆ ಪಾಲು ಮಾಡಿದರು. 1960ರ ದಶಕದ ಕೊನೆಯಲ್ಲಿ ಹಳ್ಳಿಗಾಡನ್ನೂ ಹಂಚಿದರು. ಫಲವತ್ತಾದ ಸೀಮೆ ಸಿಕ್ಕವರು ಬೆಳೆದರು, ಬರಡು ಸೀಮೆಯವರು ಸೋತರು. ತಂದೆ ಆಡಿದ ಕ್ಲಬ್ಬಿಗೆ ಮಗ ಸೇರಬಹುದೆಂಬ ನಿಯಮವೂ ಬಂತು. ಮೆಲ್ಬರ್ನ್ ಕ್ಲಬ್ಬಿಗೆ ಆಡಿದ್ದ ರಾನ್ ಬರಾಸಿ 1941ರಲ್ಲಿ ಟೋಬ್ರುಕ್ ಯುದ್ಧದಲ್ಲಿ ಮಡಿದರು. ಅದೇ ಹೆಸರಿನ ಅವರ ಮಗ 1953ರಲ್ಲಿ ಅದೇ ಕ್ಲಬ್ಬಿನ ಪರವಾಗಿ ಕಣಕ್ಕಿಳಿದು ಆ ಆಟದ ದೊಡ್ಡ ಹೆಸರಾದರು. ಕೊನೆಗೆ 1986ರಲ್ಲಿ ಹೊಸ ಕ್ರಮ ಬಂತು: ಹಿಂದಿನ ವರ್ಷ ಕಡೆಯ ಸ್ಥಾನ ಪಡೆದ ತಂಡಕ್ಕೆ ಹೊಸ ಹುಡುಗರನ್ನು ಆರಿಸುವ ಮೊದಲ ಅವಕಾಶ. 1993ರಿಂದ ವರ್ಷದ ಅತ್ಯುತ್ತಮ ಕಿರಿಯ ಆಟಗಾರನಿಗೊಂದು ಪ್ರಶಸ್ತಿಯೂ ಇದೆ. ಯಾವ ತಂಡದ ಹುಡುಗರು ಮುಂದೆ ಬರುವರು ಎಂಬ ಲೆಕ್ಕಾಚಾರ ಅಲ್ಲಿ ವರ್ಷವಿಡೀ ನಡೆಯುತ್ತದೆ.

ಇಂಥ ಪಟ್ಟಿಗಳು ಎಷ್ಟು ನಂಬಿಕೆಗೆ ಅರ್ಹ? ನಮ್ಮ ಕಡೆಯ ಇಬ್ಬರನ್ನೇ ನೆನೆಯಿರಿ. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರಿಗೆ ಬಾಲ್ಯದಲ್ಲಿ ಪೋಲಿಯೋ ತಗಲಿ ಬಲಗೈ ಸೊರಗಿತು. ಮೈಕಟ್ಟು ನೋಡಿ ಅಂಕ ಕೊಡುವವರು ಅವರನ್ನು ಎಲ್ಲಿಡುತ್ತಿದ್ದರೋ! ಅದೇ ಕೈಯಿಂದ ಚೆಂಡೆಸೆದು 1964ರ ಜನವರಿಯಲ್ಲಿ, 18ನೆಯ ವಯಸ್ಸಿನಲ್ಲಿ, ಅವರು ಟೆಸ್ಟ್ ಆಡಿದರು. ಒಟ್ಟು 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಇ. ಎ. ಎಸ್. ಪ್ರಸನ್ನ 1962ರಲ್ಲಿ ಟೆಸ್ಟ್ ಪ್ರವೇಶ ಮಾಡಿದವರು, ಎಂಜಿನಿಯರಿಂಗ್ ಓದು ಮುಗಿಸಲು ದೂರ ನಿಂತು, ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. 1965ರಲ್ಲಿ ಯಾರಾದರೂ ಎಳೆಯರ ಪಟ್ಟಿ ಬರೆದಿದ್ದರೆ ಅದರಲ್ಲಿ ಪ್ರಸನ್ನರ ಹೆಸರಿಗೆ ಜಾಗ ಇರುತ್ತಿತ್ತೇ? ಅವರೇ ಮುಂದೆ 1974ರಲ್ಲಿ ನಾಯಕರಾಗಿ ಕರ್ನಾಟಕಕ್ಕೆ ಮೊದಲ ರಣಜಿ ಟ್ರೋಫಿ ತಂದರು. ಅದಕ್ಕೆ ಮೊದಲು 15 ವರ್ಷ ಅದು ಬೊಂಬಾಯಿಯ ಸೊತ್ತಾಗಿತ್ತು.

ಆದರೆ ಸಹೋದ್ಯೋಗಿ ಹೇಳಿದ ಮುಖ್ಯ ಸಂಗತಿ ಬೇರೆ. ಅವರ ಫುಟ್‌ಬಾಲಿನ ಬಲು ಅಪರೂಪದ ಒಂದು ಪದಕ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಲ್ಲ, ನಮ್ಮ ಪುಂಗೋಲಿನಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಚಾಂಗಿಯಲ್ಲಿ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಸುಮಾರು 15,000 ಆಸ್ಟ್ರೇಲಿಯನ್ ಸೈನಿಕರು ಸೆರೆಯಾಗಿ ಚಾಂಗಿಯ ಸೆಲಾರಾಂಗ್ ಬ್ಯಾರಕ್ಕುಗಳ ಕಡೆಗೆ ನಡೆದರು. ಹೆಚ್ಚಿನವರು ಇಪ್ಪತ್ತರ ಹರೆಯದವರು. ಅವರ ನಡುವೆ ಫಿಟ್ಜ್‌ರಾಯ್ ಕ್ಲಬ್ಬಿನ ವಿಲ್ಫ್ರೆಡ್ ಸ್ಮಾಲ್‌ಹಾರ್ನ್ ಇದ್ದರು. ಇವರು 1933ರ ಬ್ರೌನ್ಲೋ ಪದಕ ಗೆದ್ದವರು. 1924ರಲ್ಲಿ ಆರಂಭವಾದ ಆ ಪದಕವನ್ನು ಅಂಪೈರುಗಳ ಮತದ ಮೇಲೆ, ಚೆನ್ನಾಗಿಯೂ ನ್ಯಾಯವಾಗಿಯೂ ಆಡಿದವನಿಗೆ ಕೊಡುತ್ತಾರೆ. ತಪ್ಪೆಸಗಿ ಅಮಾನತಾದವನು ಎಷ್ಟೇ ಮತ ಗಳಿಸಿದರೂ ಅದಕ್ಕೆ ಅನರ್ಹ. ಸ್ಮಾಲ್‌ಹಾರ್ನ್ ಮತ್ತು ಗೆಳೆಯರು ಸೆರೆಯಲ್ಲೇ ಒಂದು ಲೀಗು ಕಟ್ಟಿದರು. ತಂಡಗಳಿಗೆ ಮೆಲ್ಬರ್ನಿನ ಕ್ಲಬ್ಬುಗಳ ಹೆಸರನ್ನೇ ಇಟ್ಟರು. 1943ರ ಜನವರಿಯಲ್ಲಿ ವಿಕ್ಟೋರಿಯಾದವರಿಗೂ ಉಳಿದ ಆಸ್ಟ್ರೇಲಿಯಾದವರಿಗೂ ನಡೆದ ಕೊನೆಯ ದೊಡ್ಡ ಪಂದ್ಯಕ್ಕೆ ಸಾವಿರಾರು ಕೈದಿಗಳು ಸೇರಿದ್ದರು. ಆ ಸಾಲಿನ ಶ್ರೇಷ್ಠ ಆಟಗಾರನಿಗೆ 'ಚಾಂಗಿ ಬ್ರೌನ್ಲೋ' ಪದಕ ಕೊಟ್ಟರು.

ಅದನ್ನು ಪಡೆದವರು ಪೀಟರ್ ಚಿಟ್ಟಿ ಎಂಬ ಆಂಬ್ಯುಲೆನ್ಸ್ ದಳದ ಕಾರ್ಪೊರಲ್. ವಯಸ್ಸು ಮೂವತ್ತು ದಾಟಿತ್ತು. ದೊಡ್ಡ ಲೀಗಿನಲ್ಲಿ ಸೇಂಟ್ ಕಿಲ್ಡಾ ಕ್ಲಬ್ಬಿಗೆ 1936ರಲ್ಲಿ ಬೆರಳೆಣಿಕೆಯ ಪಂದ್ಯಗಳನ್ನಾಡಿದ್ದು ಬಿಟ್ಟರೆ ಹೆಸರು ಮಾಡಿದವರಲ್ಲ. ಅವರ ತಮ್ಮ ಬಾಬ್ ಚಿಟ್ಟಿ 1945ರಲ್ಲಿ ಕಾರ್ಲ್ಟನ್ ತಂಡವನ್ನು ಗೆಲುವಿಗೆ ನಡೆಸಿದ ನಾಯಕ. ಮೆಲ್ಬರ್ನಿನ ತಕ್ಕಡಿಯಲ್ಲಿ ತಮ್ಮನೇ ತೂಕ. ಚಾಂಗಿಯ ತಕ್ಕಡಿಯಲ್ಲಿ ಅಣ್ಣ.

ಇಲ್ಲಿ ನನ್ನ ಶಾಸ್ತ್ರದ ಒಂದು ಮಾತು. ಕೈದಿಗಳ ಮುಖ್ಯ ಆಹಾರ ಪಾಲಿಷ್ ಮಾಡಿದ ಅಕ್ಕಿ. ತೌಡು ಹೋದ ಅಕ್ಕಿಯಲ್ಲಿ ಥಯಮಿನ್, ಅಂದರೆ ಬಿ-1 ಜೀವಸತ್ವ, ತೀರ ಕಡಿಮೆ. ಅದು ಸಾಲದೆ ಹೋದರೆ ಬೆರಿಬೆರಿ ಬರುತ್ತದೆ: ಕಾಲಿನ ಶಕ್ತಿ ಕುಂದುತ್ತದೆ, ಪಾದ ಊದುತ್ತದೆ, ಹೃದಯ ಸೋಲುತ್ತದೆ. ಇದರ ಗುಟ್ಟು ಬಯಲಾದದ್ದೂ ನಮ್ಮ ನೆರೆಯ ಜಾವಾದಲ್ಲೇ. 1890ರ ದಶಕದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಬಿಳಿ ಅನ್ನ ತಿಂದ ಕೋಳಿಗಳ ಕಾಲು ಸೋಲುವುದನ್ನು ಕಂಡರು. 1926ರಲ್ಲಿ ಜಾನ್ಸನ್ ಮತ್ತು ಡೊನಾತ್ ತೌಡಿನಿಂದ ಆ ವಸ್ತುವನ್ನೇ ಬೇರ್ಪಡಿಸಿದರು. ಹಾಗಾದರೆ ಚಾಂಗಿಯ ಮೈದಾನದಲ್ಲಿ ಒಬ್ಬ ಹುಡುಗ ಓಡಲಾರದೆ ನಿಂತರೆ ಕಡಿಮೆಯಾದದ್ದು ಪ್ರತಿಭೆಯೋ, ಥಯಮಿನ್ನೋ? ಮೆಲ್ಬರ್ನಿನ ಲೀಗು ಸೀಮೆ ಹಂಚಿ, ಸರದಿ ಕಟ್ಟಿ ಹುಡುಕುತ್ತಿದ್ದ ಸಮಾನತೆ ಇಲ್ಲಿ ತಾನಾಗಿಯೇ ಬಂದಿತ್ತು: ಹೆಚ್ಚುಕಡಿಮೆ ಎಲ್ಲ ತಂಡಗಳಿಗೂ ಒಂದೇ ಪಡಿ, ಒಂದೇ ಹಸಿವು. ಆದರೂ ಅಲ್ಲಿ ಯಾರೂ ಯಾರ ಭವಿಷ್ಯವನ್ನೂ ಅಳೆಯಲಿಲ್ಲ. ಇವತ್ತು ಯಾರು ಚೆನ್ನಾಗಿ, ನ್ಯಾಯವಾಗಿ ಆಡಿದರು ಎಂಬುದಕ್ಕಷ್ಟೇ ಮತ.

ಏಕೆಂದರೆ ಭವಿಷ್ಯ ಅವರ ಕೈಯಲ್ಲಿರಲಿಲ್ಲ. ಆ ಪಂದ್ಯದ ಮೂರು ತಿಂಗಳಿಗೆ, 1943ರ ಏಪ್ರಿಲ್‌ನಲ್ಲಿ, 'ಎಫ್ ಫೋರ್ಸ್' ಎಂಬ 7,000 ಜನರ ತುಕಡಿಯನ್ನು ಚಾಂಗಿಯಿಂದ ಥಾಯ್-ಬರ್ಮಾ ರೈಲು ದಾರಿಯ ಕೆಲಸಕ್ಕೆ ಸಾಗಿಸಿದರು. ಅವರಲ್ಲಿ ಸುಮಾರು 3,100 ಜನ ಸತ್ತರು. ಆ ದಾರಿಗೆ ಬಲಿಯಾದ ತಮಿಳು ಮತ್ತಿತರ ಏಷ್ಯಾದ ಕೂಲಿಗಳ ಸಂಖ್ಯೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಚಿಟ್ಟಿಯವರೂ ಆ ರೈಲು ದಾರಿಯ ಶಿಬಿರಗಳನ್ನು ಕಂಡರು, ಬದುಕಿ ಮರಳಿದರು. ಪದಕವೂ ಅವರೊಡನೆ ಊರು ಸೇರಿತು. ಜೊತೆಯ ಕೈದಿಗಳಿಗೆ ಮಾಡಿದ ಸೇವೆಗಾಗಿ ಅವರಿಗೆ ಬ್ರಿಟಿಷ್ ಎಂಪೈರ್ ಮೆಡಲ್ ಸಂದಿತು.

ಇಷ್ಟು ತಿಳಿದ ಮೇಲೆ ಒಂದು ಸಂಜೆ ಮಗನನ್ನು ಕರೆದುಕೊಂಡು ಪುಂಗೋಲ್ ಪಾಯಿಂಟಿಗೆ ನಡೆದೆ. ಎದುರಿಗೆ ಜೊಹೊರ್ ಕಾಣುತ್ತದೆ, ಹುಡುಗರು ಸೈಕಲ್ ತುಳಿಯುತ್ತಿರುತ್ತಾರೆ. ಅಲ್ಲೊಂದು ಸ್ಮಾರಕ ಫಲಕವಿದೆ. 1942ರ ಫೆಬ್ರವರಿ 28ರಂದು ಈ ದಂಡೆಯಲ್ಲಿ 300ರಿಂದ 400 ಚೀನೀ ಗಂಡಸರನ್ನು ಗುಂಡಿಕ್ಕಿ ಕೊಂದರು. ಅದಕ್ಕೂ ಒಂದು ಆಯ್ಕೆ ನಡೆದಿತ್ತು: 18ರಿಂದ 50 ವಯಸ್ಸಿನವರನ್ನು ಸಾಲಾಗಿ ನಿಲ್ಲಿಸಿ, ಕೆಲವೊಮ್ಮೆ ಮುಸುಕು ಹಾಕಿದವನೊಬ್ಬ ತಲೆಯಾಡಿಸಿದ ಮಾತ್ರಕ್ಕೆ ಬೇರ್ಪಡಿಸಿದರು. ಅವರಲ್ಲಿ ಯಾರು ಈಜುತ್ತಿದ್ದರೋ, ಯಾರು ಗಣಿತದಲ್ಲಿ ಮುಂದಿದ್ದರೋ.

"ಅಪ್ಪ, ಇವರೆಲ್ಲ ಏನು ತಪ್ಪು ಮಾಡಿದ್ದರು?" ಎಂದು ಮಗ ಕೇಳಿದ. "ಏನೂ ಇಲ್ಲ ಕಂದ," ಎಂದೆ. ಅಂಕಪಟ್ಟಿಯ ಮಾತು ಆ ದಿನ ಮನೆಯಲ್ಲಿ ಬರಲಿಲ್ಲ. ಮತ್ತೆಂದೂ ಬರುವುದಿಲ್ಲವೆಂದು ಹೇಳುವಷ್ಟು ಸಾಧು ನಾನಲ್ಲ.

ಚಾಂಗಿಯಲ್ಲಿ ಸೆರೆಯಾಳುಗಳ ನೆನಪಿನ ಪ್ರಾರ್ಥನಾ ಮಂದಿರವೂ ವಸ್ತು ಸಂಗ್ರಹಾಲಯವೂ ಇವೆ. ಶಾಲೆಗೆ ರಜೆ ಬಂದಾಗ ಒಂದು ಭಾನುವಾರ ಮಕ್ಕಳೊಂದಿಗೆ ಹೋಗಿಬರುವ ಮನಸ್ಸಿದೆ. ಜೊತೆಗೆ ಬರುವವರು ಮುಂದಿನ ಕೂಟದಲ್ಲಿ ನನಗೆ ಹೇಳಿ. ಬುತ್ತಿಗೆ ಚಿತ್ರಾನ್ನ ನಮ್ಮ ಮನೆಯಿಂದ.