ಮರ ಏರದ ಬೇತಾಳ

2020ರ ಡಿಸೆಂಬರ್ 10ರಂದು ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಕಂಪನಿ ‘ಸೈಬರ್‌ಪಂಕ್ 2077’ ಎಂಬ ವಿಡಿಯೋ ಗೇಮನ್ನು ಬಿಡುಗಡೆ ಮಾಡಿತು. 2015ರಲ್ಲಿ ಬಂದ ‘ವಿಚರ್ 3’ ಆಟದಿಂದ ಈ ಕಂಪನಿ ಆಟಗಾರರ ಪಾಲಿಗೆ ಮನೆಯವರಂತೆ ಆಗಿತ್ತು. ಹೊಸ ಆಟದ ಸುದ್ದಿ ಮೊದಲು ಬಂದದ್ದು 2012ರಲ್ಲಿ. ಎಂಟು ವರ್ಷ ಕಾದವರಿದ್ದರು. ಕೈಗೆ ಬಂದ ಆಟವೋ, ಪ್ಲೇಸ್ಟೇಷನ್ 4ರಂಥ ಹಳೆಯ ಯಂತ್ರಗಳಲ್ಲಿ ತಡವರಿಸುತ್ತಿತ್ತು, ನಡುವೆಯೇ ನಿಂತುಹೋಗುತ್ತಿತ್ತು. ಸುಮಾರು ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿ, ಕೊಂಡವರಿಗೆ ಹಣ ವಾಪಸ್ ಕೊಡಲು ಮುಂದಾಯಿತು.

ದುಡ್ಡು ವಾಪಸ್ ಬಂದರೂ ಸಿಟ್ಟು ಇಳಿಯಲಿಲ್ಲ. ಬರೀ ಗಿರಾಕಿಯಾದವನು ಸರಕು ಕೆಟ್ಟರೆ ಅಂಗಡಿ ಬದಲಿಸುತ್ತಾನೆ. ಅಭಿಮಾನಿ ಅದೇ ಅಂಗಡಿಯ ಮುಂದೆ ನಿಂತು, ನೀವೇ ಹೀಗೆ ಮಾಡಿದರೆ ಹೇಗೆ ಎಂದು ಕೇಳುತ್ತಾನೆ. ಜೀವಮಾನದಲ್ಲಿ ಒಂದೂ ವಿಡಿಯೋ ಗೇಮ್ ಆಡದ ಕನ್ನಡಿಗರಿಗೂ ಈ ನೋವಿನ ಪರಿಚಯವಿದೆ. ನಾವು ಹಾಗೆ ನಿಂತು ಕೇಳಿದ ಅಂಗಡಿ ಇದ್ದದ್ದು ಮದರಾಸಿನ ವಡಪಳನಿಯಲ್ಲಿ. ಅದರ ಹೆಸರು ‘ಚಂದಮಾಮ’.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಈ ಮಾಸಪತ್ರಿಕೆಯನ್ನು ಶುರುಮಾಡಿದ್ದು 1947ರ ಜುಲೈಯಲ್ಲಿ, ಸ್ವಾತಂತ್ರ್ಯಕ್ಕೆ ಒಂದು ತಿಂಗಳು ಮೊದಲು. ಮೊದಲು ಬಂದದ್ದು ತೆಲುಗು ಮತ್ತು ತಮಿಳು. ಕನ್ನಡ ಆವೃತ್ತಿ 1949ರ ಜುಲೈಯಲ್ಲಿ ಬಂತು. ಮುಂದೆ ಅದು ಹತ್ತಕ್ಕೂ ಹೆಚ್ಚು ಭಾಷೆಗಳಿಗೆ ಹರಡಿ, ಸಂಸ್ಕೃತವನ್ನೂ ಸಿಂಹಳವನ್ನೂ ಮುಟ್ಟಿತು. ‘ಪಾತಾಳ ಭೈರವಿ’, ‘ಮಾಯಾಬಜಾರ್’ ಸಿನಿಮಾಗಳನ್ನು ಕೊಟ್ಟ ಜೋಡಿಯೂ ಇದೇ. ಮಾಟ, ಮಂತ್ರ, ರಾಕ್ಷಸರನ್ನು ತೆರೆಯ ಮೇಲೆ ನಂಬಿಸಲು ಗೊತ್ತಿದ್ದವರು ಅದೇ ಕಸುಬನ್ನು ಕಾಗದದ ಮೇಲೂ ಮಾಡಿದರು.

ಪತ್ರಿಕೆ ತಯಾರಾಗುತ್ತಿದ್ದ ಕ್ರಮವನ್ನು ನೋಡಿದರೆ ಅದರ ಗುಟ್ಟು ಅರ್ಧ ಬಿಡಿಸಿಕೊಳ್ಳುತ್ತದೆ. ಚಿತ್ರಗಳು ಎಲ್ಲ ಭಾಷೆಗೂ ಒಂದೇ. ಧಾರವಾಡದ ಹುಡುಗ ನೋಡುತ್ತಿದ್ದ ರಾಜಕುಮಾರಿಯನ್ನೇ ಗುಂಟೂರಿನ ಹುಡುಗಿಯೂ ನೋಡುತ್ತಿದ್ದಳು. ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್ 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ಕೂತು ಕತೆಗಳನ್ನು ತಿದ್ದಿ ತೀಡಿದರು. ಮಕ್ಕಳನ್ನು ಬೆಚ್ಚಿಬೀಳಿಸಿದ ಮಾಯಾಲೋಕದ ಧಾರಾವಾಹಿಗಳನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ. ಆ ಧಾರಾವಾಹಿಗಳ ಮೇಲೆ ಅವರ ಹೆಸರೇ ಇರುತ್ತಿರಲಿಲ್ಲ. ಅವುಗಳಿಗೆ ‘ಚಿತ್ರಾ’ ಎಂಬ ಸಹಿಯಲ್ಲಿ ಕಾಡು, ಕೋಟೆ, ವಿಚಿತ್ರ ಪ್ರಾಣಿಗಳನ್ನು ಬರೆದವರು ಟಿ.ವಿ. ರಾಘವನ್. ಮುಖಪುಟದ ಮಹಾಭಾರತದ ಚಿತ್ರಗಳಿಂದ ಮನೆಮಾತಾದ ಎಂ.ಟಿ.ವಿ. ಆಚಾರ್ಯ ನಮ್ಮವರು. ಅವರು ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು.

ಇನ್ನು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಶವ, ಹಿಂದೆ ಸ್ಮಶಾನದ ಕತ್ತಲು: ಈ ಚಿತ್ರ ಅವರದು. ಆರು ದಶಕ ಅದೇ ಸಂಸ್ಥೆಗೆ ದುಡಿದ ಅವರು 2020ರಲ್ಲಿ ತೀರಿಕೊಂಡರು. 2021ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಬಂತು.

ಬೇತಾಳನ ಕತೆಯ ನಿಯಮ ನಿಮಗೆ ನೆನಪಿರಬಹುದು. ರಾಜ ಮರದಿಂದ ಶವವನ್ನು ಇಳಿಸಿ ಮಾತಿಲ್ಲದೆ ನಡೆಯಬೇಕು. ದಾರಿಯಲ್ಲಿ ಬೇತಾಳ ಕತೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ. ಹೇಳಿದರೆ ಮೌನ ಮುರಿಯುತ್ತದೆ, ಬೇತಾಳ ಮತ್ತೆ ಮರಕ್ಕೆ. ಗೆದ್ದರೂ ಆಟ ಮೊದಲಿಂದ. ಇಂದಿನ ಗೇಮ್ ತಯಾರಕರೂ ಅಸೂಯೆಪಡುವಂಥ ನಿಯಮ ಇದು. ‘ಛಲ ಬಿಡದ ತ್ರಿವಿಕ್ರಮ’ ಎಂಬುದು ಕನ್ನಡದಲ್ಲಿ ಗಾದೆಯಂತೆ ಉಳಿದಿದೆ.

ಆದರೆ ಮೂಲ ಸಂಸ್ಕೃತದಲ್ಲಿ ಇಂಥ ಕತೆಗಳು ಇಪ್ಪತ್ತೈದೇ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ತೋಚುವುದಿಲ್ಲ, ಸುಮ್ಮನೆ ನಡೆಯುತ್ತಾನೆ, ಆಟ ಮುಗಿಯುತ್ತದೆ. ತಿಂಗಳಿಗೊಂದರಂತೆ ಹಾಕಿದರೆ ಎರಡು ವರ್ಷಕ್ಕೆ ಮುಗಿಯಬೇಕಿದ್ದ ಸರಕನ್ನು ‘ಚಂದಮಾಮ’ ದಶಕಗಟ್ಟಲೆ ನಡೆಸಿತು. ಇಪ್ಪತ್ತೈದರ ಆಚೆಯ ನೂರಾರು ಕತೆಗಳು ಪತ್ರಿಕೆಗಾಗಿಯೇ ಹುಟ್ಟಿದ ಹೊಸ ಕತೆಗಳು. ಯಾವ ಓದುಗನೂ ಇದು ಅಸಲಿ ಬೇತಾಳನಲ್ಲ ಎಂದು ತಕರಾರು ಮಾಡಲಿಲ್ಲ. ಕತೆ ಹೊಸದಾದರೂ ಕೊನೆಯ ಪ್ರಶ್ನೆ ನಿಜವಾದ ಪ್ರಶ್ನೆಯಾಗಿರುತ್ತಿತ್ತು. ಹತ್ತು ವರ್ಷದ ಹುಡುಗ ಪುಟ ತಿರುಗಿಸುವ ಮೊದಲು ತಾನೇ ಉತ್ತರ ಯೋಚಿಸುತ್ತಿದ್ದ.

ಮುಂದಿನ ಇತಿಹಾಸವನ್ನು ಈ ಸಂಗತಿಯನ್ನು ನೆನಪಿಟ್ಟುಕೊಂಡೇ ಓದಬೇಕು. ಚಕ್ರಪಾಣಿ 1975ರಲ್ಲಿ ಹೋದರು, ಚಿತ್ರಾ 1978ರಲ್ಲಿ, ಕುಟುಂಬರಾವ್ 1980ರಲ್ಲಿ. 1998ರಲ್ಲಿ ಕಾರ್ಮಿಕರ ವಿವಾದದಿಂದ ಪತ್ರಿಕೆ ನಿಂತೇಹೋಯಿತು. ಸುಮಾರು ಒಂದು ವರ್ಷದ ನಂತರ ಹೊರಗಿನ ಬಂಡವಾಳದೊಂದಿಗೆ ಮತ್ತೆ ಬಂತು. 2007ರಲ್ಲಿ ಮುಂಬೈನ ಜಿಯೋಡೆಸಿಕ್ ಎಂಬ ಸಾಫ್ಟ್‌ವೇರ್ ಕಂಪನಿ ಸುಮಾರು 10 ಕೋಟಿ ರೂಪಾಯಿಗೆ ಶೇ 94ರಷ್ಟು ಪಾಲನ್ನು ಕೊಂಡಿತು. 2008ರ ಏಪ್ರಿಲ್‌ನಲ್ಲಿ ಅರವತ್ತು ವರ್ಷದ ನೆನಪಿನ ಸಂಚಿಕೆಯನ್ನು ಮುಂಬೈಯಲ್ಲಿ ಅಮಿತಾಭ್ ಬಚ್ಚನ್ ಬಿಡುಗಡೆ ಮಾಡಿದರು. ಅದೇ ವರ್ಷ ಪತ್ರಿಕೆ ಹೊಸ ವೇಷ ತೊಟ್ಟಿತು: ಇಂದಿನ ಕಾಲದ ಕತೆಗಳು, ಕ್ರೀಡೆ, ತಂತ್ರಜ್ಞಾನ, ಸುದ್ದಿಯ ಪುಟಗಳು.

ಹಳೆಯ ಓದುಗರ ನಿರಾಸೆಯನ್ನು ಬರೀ ಹಳೆಯದರ ಹಂಬಲ ಎಂದು ತಳ್ಳಿಹಾಕುವುದು ಸುಲಭ. ಬೇತಾಳನ ಲೆಕ್ಕ ಅದನ್ನು ಒಪ್ಪುವುದಿಲ್ಲ. ಅರ್ಧ ಶತಮಾನ ಹೊಸ ಕತೆಗಳನ್ನು ಖುಷಿಯಿಂದ ಓದಿದವರು ಹೊಸದಕ್ಕೆ ಹೆದರುವವರಲ್ಲ. ಕ್ರಿಕೆಟ್ಟಿನ ಸುದ್ದಿ ದಿನಪತ್ರಿಕೆಯಲ್ಲೂ ಸಿಗುತ್ತಿತ್ತು, ಟಿವಿಯಲ್ಲೂ ಸಿಗುತ್ತಿತ್ತು. ಇಲ್ಲಿ ಮಾತ್ರ ಸಿಗುತ್ತಿದ್ದ ವಸ್ತು ಕಮ್ಮಿಯಾಗಿ, ಎಲ್ಲೆಡೆ ಸಿಗುವ ವಸ್ತು ಹೆಚ್ಚಾಯಿತು. ಹೆಸರು ಹಳೆಯದೇ, ಆದರೆ ಅದರ ಹಿಂದಿದ್ದ ಕೈಗಳು ಒಂದೊಂದಾಗಿ ಕಡಿಮೆಯಾಗಿದ್ದವು. ಹೆಸರನ್ನು ಹಣ ಕೊಟ್ಟು ಕೊಳ್ಳಬಹುದು, ಒಂದೊಂದು ವಾಕ್ಯವನ್ನೂ ತಿದ್ದುವ ತಾಳ್ಮೆಯನ್ನು ಹಾಗೆ ಕೊಳ್ಳಲಾಗದು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಹಳೆಯ ಸಂಚಿಕೆಗಳನ್ನು ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟವರೂ ಈ ಹೊಸ ಮಾಲೀಕರೇ. ಆ ಸಂತೋಷವೂ ಬಾಳಲಿಲ್ಲ. ಕಂಪನಿ ಸಾಲದಲ್ಲಿ ಮುಳುಗಿತು. 2013ರಲ್ಲಿ ಪತ್ರಿಕೆ ನಿಂತಿತು. 2014ರಲ್ಲಿ ಬಾಂಬೆ ಹೈಕೋರ್ಟ್ ಕಂಪನಿಯನ್ನು ಮುಚ್ಚಲು ಆದೇಶಿಸಿತು. 2016ರಲ್ಲಿ ಜಾಲತಾಣವೂ ಮಾಯವಾಯಿತು. ಅಭಿಮಾನಿಗಳು ತಮ್ಮ ಅಟ್ಟದ ಪೆಟ್ಟಿಗೆಗಳಿಂದ ತೆಗೆದು ಸ್ಕ್ಯಾನ್ ಮಾಡಿ ಹಂಚಿಕೊಂಡ ಪ್ರತಿಗಳು ಇವತ್ತಿಗೂ ಕೈಯಿಂದ ಕೈಗೆ ಹೋಗುತ್ತಿವೆ. ವಡಪಳನಿಯಲ್ಲಿ ವಾಹಿನಿ ಸ್ಟುಡಿಯೋ ಇದ್ದ ನೆಲದಲ್ಲಿ ಈಗ ಮಾಲ್ ಇದೆ. ಅದು ಬಾಗಿಲು ತೆರೆದದ್ದೂ 2013ರಲ್ಲೇ.

ಪೋಲೆಂಡಿನ ಕಂಪನಿ ತನ್ನ ಆಟವನ್ನು ಕೈಬಿಡಲಿಲ್ಲ. ಕ್ಷಮೆ ಕೇಳಿತು, ಸರಿಪಡಿಸುತ್ತ ಹೋಯಿತು. 2021ರ ಜೂನ್‌ನಲ್ಲಿ ಆಟ ಸೋನಿಯ ಅಂಗಡಿಗೆ ಮರಳಿತು. 2023ರ ಸೆಪ್ಟೆಂಬರಿನ ದೊಡ್ಡ ಪರಿಷ್ಕರಣೆಯ ನಂತರ, ಬಿಟ್ಟುಹೋದ ಎಷ್ಟೋ ಆಟಗಾರರೂ ಮರಳಿದರು. ಅಭಿಮಾನಿಯ ಸಿಟ್ಟನ್ನು ಅದು ಪ್ರಶ್ನೆ ಎಂದು ತಿಳಿದು ಉತ್ತರ ಕೊಟ್ಟಿತು. ಪ್ರಶ್ನೆ ಕೇಳುವವರು ಇರುವಷ್ಟು ದಿನ ಆಟ ಮುಂದುವರಿಯುತ್ತದೆ. ಬೇತಾಳ ನಮಗೆ ಕಲಿಸಿದ್ದೂ ಅದನ್ನೇ ಅಲ್ಲವೇ?

‘ಚಂದಮಾಮ’ ವಿದಾಯದ ಒಂದು ಸಂಚಿಕೆಯೂ ಇಲ್ಲದೆ ನಿಂತಿತು. ಮೂರು ತಲೆಮಾರಿನ ಓದುಗರು ಪತ್ರಿಕೆ ಯಾಕೆ ಹೀಗಾಯಿತು ಎಂದು ಕೇಳಿದ್ದರು. ಉತ್ತರ ಗೊತ್ತಿದ್ದವರು ಸುಮ್ಮನಿದ್ದರು. ಹಾಗೆ ಸುಮ್ಮನಿದ್ದರೆ ಏನಾಗುತ್ತದೆಂದು ಪ್ರತಿ ತಿಂಗಳೂ ನಮಗೆ ಹೇಳಿಕೊಟ್ಟದ್ದು ಅದೇ ಪತ್ರಿಕೆ.