ಓದುಗನ ಕೈಗೆ ಲೇಖನಿ

ಹಳೆಯ ಓಲೆಗರಿ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರ ತನ್ನದೊಂದು ಮಾತನ್ನು ಬರೆದಿಡುವ ವಾಡಿಕೆಯಿತ್ತು. ಕೈತಪ್ಪಿನಿಂದ ಅಕ್ಷರ ಬಿಟ್ಟುಹೋಗಿದ್ದರೆ ಬಲ್ಲವರು ಕ್ಷಮಿಸಬೇಕು, ತಿದ್ದಿಕೊಂಡು ಓದಬೇಕು ಎಂಬುದು ಅದರ ಸಾರ. ಬರೆದವನು ಓದುವವನಿಗೆ ಕೊಟ್ಟ ಈ ಅಧಿಕಾರ ಬರಿಯ ವಿನಯದ ಮಾತಾಗಿರಲಿಲ್ಲ. ಆ ಓಲೆಯಿಂದ ಮುಂದಿನ ಪ್ರತಿ ಮಾಡಿಕೊಳ್ಳುವವನು ಎಷ್ಟೋ ಸಲ ತನಗೆ ಸರಿಕಂಡಂತೆ ತಿದ್ದಿಯೇ ಬರೆಯುತ್ತಿದ್ದ. ಆದರೆ ಎಲ್ಲಿ ತಿದ್ದಿದೆ, ಏಕೆ ತಿದ್ದಿದೆ ಎಂಬ ಗುರುತು ಉಳಿಯುತ್ತಿದ್ದುದು ಅಪರೂಪ. ಒಂದೇ ಕಾವ್ಯದ ಬೇರೆ ಬೇರೆ ಪ್ರತಿಗಳಲ್ಲಿ ಪಾಠಾಂತರಗಳು ಕಾಣುವುದಕ್ಕೆ ಇದೂ ಒಂದು ಕಾರಣ. ಕವಿಯ ಮಾತು ಯಾವುದು, ನಡುವೆ ಬಂದವರು ಸೇರಿಸಿದ್ದು ಯಾವುದು ಎಂದು ಬೇರ್ಪಡಿಸಲು ಗ್ರಂಥಸಂಪಾದನೆ ಎಂಬ ಒಂದು ಶಾಸ್ತ್ರವೇ ಬೇಕಾಯಿತು.

ಸುಮಾರು 20 ವರ್ಷಗಳಿಂದ ಈಚೆಗೆ ಜಗತ್ತಿನ ದೊಡ್ಡ ಗ್ರಂಥಾಲಯಗಳು ಅದೇ ಅಧಿಕಾರವನ್ನು ಮತ್ತೆ ಓದುಗನಿಗೆ ಒಪ್ಪಿಸತೊಡಗಿವೆ. ಅಂತರಜಾಲದಲ್ಲಿ ಓದುವವನೇ ಬರೆಯುವವನೂ ಆಗುವ ರೂಢಿ ಬೆಳೆದದ್ದು ಇದಕ್ಕೆ ಹಿನ್ನೆಲೆ. ಇದರಿಂದ ಗ್ರಂಥಾಲಯಗಳಿಗೂ ಓದುಗರಿಗೂ ಆದ ಲಾಭ ದೊಡ್ಡದು. ಆದರೆ ಆ ಲಾಭ ದಕ್ಕಿರುವುದು ತಿದ್ದುಪಡಿಯ ಗುರುತು ಉಳಿದು, ಅದರ ಹೊಣೆಯನ್ನು ಒಂದು ಸಂಸ್ಥೆ ಹೊತ್ತ ಕಡೆಗಳಲ್ಲಿ.

ಮೌನವಾಗಿದ್ದ ಓದುಗ

ನಡುವಿನ ಕಾಲ ಬೇರೆಯದೇ ಆಗಿತ್ತು. ಅಚ್ಚಿನ ಪುಸ್ತಕ ಬಂದು ಸಾರ್ವಜನಿಕ ಗ್ರಂಥಾಲಯಗಳು ಬೆಳೆದ ಮೇಲೆ ಓದುಗನ ಗುರುತು ಅಪರಾಧವೆನಿಸಿತು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಬಾರದು ಎಂಬುದು ಎಲ್ಲ ಗ್ರಂಥಾಲಯಗಳ ನಿಯಮವಾಯಿತು. ಪುಸ್ತಕ ನೂರಾರು ಜನರ ಕೈಗೆ ಹೋಗುವ ಸಾರ್ವಜನಿಕ ಆಸ್ತಿಯಾದುದರಿಂದ ಆ ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ದಶಮಾಂಶ ವರ್ಗೀಕರಣವನ್ನು ಪ್ರಕಟಿಸಿದ ಮೇಲೆ ಪುಸ್ತಕಗಳನ್ನು ಜೋಡಿಸುವ ಕೆಲಸ ತಜ್ಞರ ವೃತ್ತಿಯಾಗಿ ಬೆಳೆಯಿತು.

ಭಾರತದಲ್ಲಿ ಆ ವೃತ್ತಿಗೆ ಶಾಸ್ತ್ರದ ಬುನಾದಿ ಹಾಕಿದವರು ಎಸ್.ಆರ್. ರಂಗನಾಥನ್. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಅವರು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಕೊಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಸ್ಥಾಪಿಸಿ, 1972ರಲ್ಲಿ ಇದೇ ಊರಿನಲ್ಲಿ ನಿಧನರಾದರು. ಪುಸ್ತಕವನ್ನು ಕಾಯುವುದಕ್ಕಿಂತ ಅದನ್ನು ಬಳಸುವುದು ಮುಖ್ಯ ಎಂದು ಸಾರಿ, ಓದುಗನನ್ನು ಗ್ರಂಥಾಲಯದ ಕೇಂದ್ರದಲ್ಲಿ ನಿಲ್ಲಿಸಿದ ಕೀರ್ತಿ ಅವರದು. ಆದರೂ ಪುಸ್ತಕದ ವಿಷಯವೇನು, ಅದು ಯಾವ ಕಪಾಟಿಗೆ ಸೇರಬೇಕು ಎಂದು ತೀರ್ಮಾನಿಸುವವನು ತರಬೇತಿ ಪಡೆದ ಗ್ರಂಥಪಾಲಕನೇ ಆಗಿದ್ದ. ಓದುಗನಿಗೆ ಸೇವೆ ಸಲ್ಲುತ್ತಿತ್ತು. ಸೂಚಿಯ ಕಾರ್ಡನ್ನು ತಿದ್ದುವ ಹಕ್ಕು ಇರಲಿಲ್ಲ.

ಗ್ರಂಥಾಲಯದ ಹೊರಗೆ ಇದಕ್ಕೊಂದು ದೊಡ್ಡ ಅಪವಾದವಿತ್ತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಸಾರ್ವಜನಿಕ ಮನವಿಯೊಂದನ್ನು ಹೊರಡಿಸಿ, ಪುಸ್ತಕಗಳನ್ನು ಓದಿ ಪದಪ್ರಯೋಗಗಳನ್ನು ಚೀಟಿಯಲ್ಲಿ ಬರೆದು ಕಳಿಸುವಂತೆ ಓದುಗರನ್ನು ಕೋರಿದ. ಅಂಚೆಯಲ್ಲಿ ಲಕ್ಷಗಟ್ಟಲೆ ಚೀಟಿಗಳು ಬಂದು ಬಿದ್ದವು. ಚೀಟಿಯಲ್ಲಿ ಪದ, ಅದು ಬಂದ ವಾಕ್ಯ, ಪುಸ್ತಕ, ವರ್ಷ ಎಲ್ಲವೂ ಇರಬೇಕಾಗಿತ್ತು. ಆಧಾರ ಕೊಡುವುದು ಓದುಗನ ಪಾಲು, ತೂಗಿ ನೋಡುವುದು ಸಂಪಾದಕನ ಪಾಲು. 1928ರಲ್ಲಿ ಮೊದಲ ಆವೃತ್ತಿ ಪೂರ್ಣಗೊಂಡಿತು. ಜನರ ದುಡಿಮೆ ಜ್ಞಾನವಾಗಿ ನಿಲ್ಲಬೇಕಾದರೆ ಎಂಥ ಏರ್ಪಾಡು ಬೇಕು ಎಂಬುದಕ್ಕೆ ಇದೊಂದು ಮಾದರಿ.

ಪತ್ರಿಕೆ ತಿದ್ದಿದ ಜನ

ಈ ಬಗೆಯ ಏರ್ಪಾಡು ಗ್ರಂಥಾಲಯದೊಳಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಆಸ್ಟ್ರೇಲಿಯದಲ್ಲಿ. ಕ್ಯಾನ್‌ಬೆರಾದಲ್ಲಿರುವ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಹಳೆಯ ಪತ್ರಿಕೆಗಳನ್ನು 2008ರಲ್ಲಿ ಅಂತರಜಾಲದಲ್ಲಿ ತೆರೆದಿಟ್ಟಿತು. ಪುಟಗಳ ಚಿತ್ರ ತೆಗೆದು, ಅದರಲ್ಲಿನ ಅಕ್ಷರಗಳನ್ನು ಗಣಕಯಂತ್ರದಿಂದಲೇ ಓದಿಸಲಾಗಿತ್ತು. ಮಾಸಿದ ಮೈಕ್ರೊಫಿಲ್ಮ್, ಸವೆದ ಅಚ್ಚುಮೊಳೆ, ಹರಡಿದ ಮಸಿ ಇವುಗಳಿಂದಾಗಿ ಯಂತ್ರ ಬೇಕಾದಷ್ಟು ತಪ್ಪು ಓದಿತ್ತು. ಇಂಥ ತಪ್ಪಿನಿಂದ ಆಗುವ ನಷ್ಟ ಕಾಗುಣಿತಕ್ಕೆ ಮುಗಿಯುವುದಿಲ್ಲ. ಮರಣವಾರ್ತೆಯೊಂದರಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿ ದಾಖಲಾದರೆ, ಆ ವ್ಯಕ್ತಿಯ ಮರಿಮಗಳು ಎಷ್ಟು ಹುಡುಕಿದರೂ ಆ ಸುದ್ದಿ ಸಿಗುವುದಿಲ್ಲ. ಇದ್ದೂ ಇಲ್ಲದಂತಾಗುತ್ತದೆ.

ಇಷ್ಟೊಂದು ಪುಟಗಳನ್ನು ಸಂಬಳ ಕೊಟ್ಟು ತಿದ್ದಿಸುವುದು ಯಾವ ಗ್ರಂಥಾಲಯಕ್ಕೂ ಆಗದ ಮಾತು. ಆದ್ದರಿಂದ ಪುಟದ ಚಿತ್ರವನ್ನೂ ಯಂತ್ರದ ಪಾಠವನ್ನೂ ಅಕ್ಕಪಕ್ಕ ಇಟ್ಟು, ಓದುವವರೇ ತಿದ್ದಲಿ ಎಂದು ಬಿಡಲಾಯಿತು. ಹೆಸರು ನೋಂದಾಯಿಸಬೇಕೆಂಬ ಕಡ್ಡಾಯವೂ ಇರಲಿಲ್ಲ. ಕಿಡಿಗೇಡಿಗಳು ಹಾಳುಮಾಡಬಹುದೆಂಬ ಅಂಜಿಕೆ ಸಹಜವಾಗಿಯೇ ಇತ್ತು. ಮೊದಲ ಆರು ತಿಂಗಳಲ್ಲಿ ಓದುಗರು ಸುಮಾರು 1 ಲಕ್ಷ ಲೇಖನಗಳಲ್ಲಿ 20 ಲಕ್ಷ ಸಾಲುಗಳನ್ನು ತಿದ್ದಿದರು. ಬೇಕೆಂದೇ ಕೆಡಿಸಿದ ಪ್ರಸಂಗ ಆ ಅವಧಿಯಲ್ಲಿ ಕಂಡುಬರಲಿಲ್ಲ. ಈ ಪತ್ರಿಕಾ ಭಂಡಾರ ಮುಂದೆ ‘ಟ್ರೋವ್’ ಎಂಬ ದೊಡ್ಡ ಸೇವೆಯ ಭಾಗವಾಯಿತು.

ತಿದ್ದಿದವರಲ್ಲಿ ಅನೇಕರು ತಮ್ಮ ವಂಶದ ಚರಿತ್ರೆ ಹುಡುಕಲು ಬಂದವರು. ಅಜ್ಜನ ಹೆಸರು ಹುಡುಕುತ್ತ ಬಂದವರು ಅಕ್ಕಪಕ್ಕದ ಸುದ್ದಿಯನ್ನೂ ತಿದ್ದಿ ಹೋದರು. ಆದರೆ ಈ ಏರ್ಪಾಡಿನ ನಿಜವಾದ ಬಲ ಕಣ್ಣಿಗೆ ಕಾಣದ ಕಡೆಯಲ್ಲಿದೆ. ಓದುಗ ತಿದ್ದಿದ ಮಾತ್ರಕ್ಕೆ ಯಂತ್ರದ ಪಾಠ ಅಳಿಸಿಹೋಗುವುದಿಲ್ಲ. ಹಿಂದಿನ ಪಾಠಗಳೆಲ್ಲ ದಾಖಲೆಯಲ್ಲಿ ಉಳಿಯುತ್ತವೆ, ಪುಟದ ಚಿತ್ರ ಸಾಕ್ಷಿಯಾಗಿ ಎದುರಿಗಿರುತ್ತದೆ. ಓಲೆಗರಿಯ ಲಿಪಿಕಾರನಿಗೆ ಇಲ್ಲದಿದ್ದ ಅನುಕೂಲ ಇದು.

ಚಿತ್ರಕ್ಕೆ ಹೆಸರು

ಅದೇ ವರ್ಷ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇನ್ನೊಂದು ಬಗೆಯ ಪ್ರಯೋಗಕ್ಕೆ ಇಳಿಯಿತು. ತನ್ನ ಸಂಗ್ರಹದ ಸುಮಾರು 3,000 ಛಾಯಾಚಿತ್ರಗಳನ್ನು ‘ಫ್ಲಿಕರ್’ ಎಂಬ ಜಾಲತಾಣದಲ್ಲಿಟ್ಟು, ಗೊತ್ತಿದ್ದುದನ್ನು ತಿಳಿಸುವಂತೆ ಜನರನ್ನು ಕೇಳಿತು. ಇವುಗಳಲ್ಲಿ 20ನೆಯ ಶತಮಾನದ ಆರಂಭದ ಬೇನ್ ಸುದ್ದಿಸಂಸ್ಥೆಯ ಚಿತ್ರಗಳು ಬಹಳಷ್ಟಿದ್ದವು. ಗಾಜಿನ ನೆಗೆಟಿವ್ ಮೇಲೆ ಗೀಚಿದ್ದ ಒಂದೆರಡು ಪದಗಳ ಹೊರತು ಅವುಗಳಿಗೆ ಬೇರೆ ವಿವರಣೆ ಇರಲಿಲ್ಲ. ನೋಡಿದವರು ಆ ಕಾಲದ ಪತ್ರಿಕೆಗಳನ್ನು ತಡಕಿ, ಚಿತ್ರದಲ್ಲಿರುವುದು ಯಾರು, ಘಟನೆ ಯಾವುದು ಎಂದು ಗುರುತಿಸಿ ಬರೆದರು.

ಆ ವರ್ಷದ ಅಕ್ಟೋಬರ್ ವೇಳೆಗೆ ಜನರು ಈ ಚಿತ್ರಗಳಿಗೆ 67,176 ಗುರುತುಪದಗಳನ್ನು ಅಂಟಿಸಿದ್ದರು, 7,166 ಟಿಪ್ಪಣಿಗಳನ್ನು ಬರೆದಿದ್ದರು. ಇಷ್ಟೆಲ್ಲದರಿಂದ ಗ್ರಂಥಾಲಯದ ಅಧಿಕೃತ ಸೂಚಿಯಲ್ಲಿ ತಿದ್ದುಪಡಿ ಕಂಡ ದಾಖಲೆಗಳು ಐನೂರಕ್ಕೆ ಸ್ವಲ್ಪ ಹೆಚ್ಚು. ಸಂಖ್ಯೆಗಳ ಈ ಅಂತರವನ್ನು ಕಂಡು ಜನರ ಶ್ರಮ ವ್ಯರ್ಥವಾಯಿತೆಂದು ಹೇಳುವಂತಿಲ್ಲ. ಹೊಗಳಿಕೆ, ಅನಿಸಿಕೆ, ಪುನರಾವರ್ತನೆಗಳ ನಡುವೆ ಆಧಾರವುಳ್ಳ ಮಾತನ್ನು ಆರಿಸಿ, ಸಿಬ್ಬಂದಿ ಪರಿಶೀಲಿಸಿ, ಆಮೇಲೆ ಸೂಚಿಗೆ ಸೇರಿಸಿದ್ದರ ಫಲ ಅದು. ಹಾಗೆ ಸೇರಿಸಿದಾಗ ಮಾಹಿತಿ ಫ್ಲಿಕರ್‌ನಿಂದ ಬಂದದ್ದೆಂದೂ ಬಂದ ವರ್ಷವನ್ನೂ ನಮೂದಿಸಲಾಯಿತು. ಗ್ರಂಥಪಾಲಕನ ಕೆಲಸ ಕಡಿಮೆಯಾಗುವ ಬದಲು ಹೊಸ ರೂಪ ಪಡೆಯಿತು.

ಕನ್ನಡದ ಹೆಸರು, ಕನ್ನಡದ ಲಿಪಿ

ಕನ್ನಡದಲ್ಲಿ ಈ ಕೆಲಸಕ್ಕೆ ತೊಡಗಿದವರು ಹೆಚ್ಚಾಗಿ ಗ್ರಂಥಾಲಯಗಳ ಹೊರಗಿನ ಸ್ವಯಂಸೇವಕರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಮುಖ ಪಾತ್ರವಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಹಳೆಯ ಕನ್ನಡ ಪುಸ್ತಕಗಳನ್ನು ದೊಡ್ಡ ಸಂಖ್ಯೆಯಲ್ಲಿ ಸ್ಕ್ಯಾನ್ ಮಾಡಿಸಿತು. ಆದರೆ ಅವುಗಳ ಹೆಸರುಗಳು ರೋಮನ್ ಲಿಪಿಯಲ್ಲಿ, ಅದೂ ತಪ್ಪುತಪ್ಪಾಗಿ, ದಾಖಲಾಗಿದ್ದವು. ಸಾದಾ ರೋಮನ್ ಅಕ್ಷರಗಳಲ್ಲಿ ‘ಕಾಲ’, ‘ಕಲಾ’, ‘ಕಳ’ ಮೂರೂ ಒಂದೇ ರೂಪ ತಾಳುತ್ತವೆ. ಕನ್ನಡದ ಪುಸ್ತಕವನ್ನು ಕನ್ನಡದ ಹೆಸರಿನಿಂದ ಹುಡುಕಿದರೆ ಸಿಗುತ್ತಿರಲಿಲ್ಲ. ‘ಸಂಚಯ’ ಎಂಬ ತಂಡ ‘ಸಮೂಹ ಸಂಚಯ’ದ ಮೂಲಕ ಆಸಕ್ತರನ್ನು ಸೇರಿಸಿ, ಈ ಹೆಸರುಗಳನ್ನು ಕನ್ನಡ ಲಿಪಿಗೆ ತಂದು ಹುಡುಕುವ ಅನುಕೂಲ ಕಲ್ಪಿಸಿತು. ಮುಂದೆ ಮೂಲ ಜಾಲತಾಣ ಸ್ಥಗಿತವಾದರೂ ಬಹಳಷ್ಟು ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ.

ಕನ್ನಡ ವಿಕಿಸೋರ್ಸ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಹಕ್ಕುಸ್ವಾಮ್ಯ ಮುಗಿದ ಅಥವಾ ಮುಕ್ತ ಪರವಾನಗಿಯಲ್ಲಿ ದೊರೆತ ಪುಸ್ತಕಗಳನ್ನು ಅಲ್ಲಿ ಪುಟಪುಟವಾಗಿ ಅಕ್ಷರಕ್ಕೆ ಇಳಿಸಲಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿದ್ದು ಇಂಥ ಕೆಲಸಕ್ಕೆ ಬಲ ಕೊಟ್ಟಿತು. ಯಂತ್ರ ಓದಿದ ಪುಟಕ್ಕೆ ಮೊದಲು ಕೆಂಪು ಬಣ್ಣ. ಒಬ್ಬರು ಮೂಲದೊಡನೆ ಹೋಲಿಸಿ ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ತಿದ್ದಿದವರೇ ತಮ್ಮ ಪುಟಕ್ಕೆ ಹಸಿರು ಕೊಟ್ಟುಕೊಳ್ಳುವಂತಿಲ್ಲ. ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳಲ್ಲಿ ಯಂತ್ರ ಎಡವುವ ಕನ್ನಡದಂಥ ಭಾಷೆಗೆ ಈ ಎರಡನೆಯ ಕಣ್ಣು ಅತ್ಯಗತ್ಯ.

ಬಿಟ್ಟಿ ದುಡಿಮೆಯ ಬೆಲೆ

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಸ್ವಯಂಸೇವಕರು ತಮಗೆ ಇಷ್ಟವಾದುದನ್ನು ತಿದ್ದುತ್ತಾರೆ. ವಂಶವೃತ್ತಾಂತ, ಹೆಸರಾಂತ ಕವಿ, ತಮ್ಮೂರಿನ ಸುದ್ದಿ ಇವುಗಳಿಗೆ ಕೈಗಳು ಸಿಗುತ್ತವೆ. ಯಾರಿಗೂ ಬೇಡವಾದ ವರದಿಗಳು ಕೆಂಪಿನಲ್ಲೇ ಉಳಿಯುತ್ತವೆ. ಅಂತರಜಾಲ, ಬಿಡುವು, ಅಕ್ಷರಾಭ್ಯಾಸ ಮೂರೂ ಇದ್ದವರ ಅಭಿರುಚಿಯೇ ಸಂಗ್ರಹದ ಅಭಿರುಚಿಯಾಗುವ ಅಪಾಯವಿದೆ. ಜಾಗ ಬೇರೆಯವರದಾದಾಗ ಭಯ ಇನ್ನೂ ಹೆಚ್ಚು. 2008ರಲ್ಲಿ ಯಾಹೂ ಒಡೆತನದಲ್ಲಿದ್ದ ಫ್ಲಿಕರ್ 2018ರಲ್ಲಿ ಸ್ಮಗ್‌ಮಗ್ ಎಂಬ ಕಂಪನಿಗೆ ಮಾರಾಟವಾಯಿತು.

ಸರ್ಕಾರಿ ಸಂಸ್ಥೆಯಾದರೂ ಭದ್ರತೆ ತಾನಾಗಿ ಬರುವುದಿಲ್ಲ. ಟ್ರೋವ್‌ಗೆ ಸಿಗುತ್ತಿದ್ದ ಹಣ 2023ರ ಮಧ್ಯಭಾಗಕ್ಕೆ ಮುಗಿಯುವುದರಲ್ಲಿತ್ತು. ಸೇವೆ ನಿಂತೇಹೋಗಬಹುದೆಂಬ ಆತಂಕ ಹುಟ್ಟಿತು. ಜನರು ಸುಮಾರು 15 ವರ್ಷ ಕೂತು ತಿದ್ದಿದ ಕೋಟಿಗಟ್ಟಲೆ ಸಾಲುಗಳ ಭವಿಷ್ಯ ಆಯವ್ಯಯದ ಒಂದು ಬಾಬಿನ ಮೇಲೆ ನಿಂತಿತ್ತು. ದೇಶದಾದ್ಯಂತ ಒತ್ತಾಯ ಬಂದ ಮೇಲೆ ಅದೇ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯ ಸರ್ಕಾರ ನಾಲ್ಕು ವರ್ಷಗಳಿಗೆ 3.3 ಕೋಟಿ ಆಸ್ಟ್ರೇಲಿಯನ್ ಡಾಲರ್, ಆನಂತರ ವರ್ಷಕ್ಕೆ 92 ಲಕ್ಷ ಡಾಲರ್ ಕೊಡುವುದಾಗಿ ಘೋಷಿಸಿತು. ಓದುಗರು ಅಲ್ಲಿ ಸೇವೆ ಪಡೆಯುವವರಷ್ಟೇ ಆಗಿದ್ದರೆ ಇಷ್ಟು ಗಟ್ಟಿಯಾಗಿ ಕೇಳುತ್ತಿದ್ದರೇ ಎಂಬುದು ಸಂದೇಹ. ತಾವು ಕಟ್ಟಿದ್ದೆಂಬ ಭಾವ ಅವರಿಗಿತ್ತು.

ಜನರ ದುಡಿಮೆ ಬಿಟ್ಟಿಯಾಗಿ ಬಂದರೂ ಅದನ್ನು ಕಾಪಾಡುವುದು ಬಿಟ್ಟಿಯಲ್ಲ. ಪರಿಶೀಲಿಸುವ ಸಿಬ್ಬಂದಿ, ಪಾಠಗಳನ್ನೆಲ್ಲ ಉಳಿಸುವ ಯಂತ್ರ, ವರ್ಷವರ್ಷವೂ ತಪ್ಪದೆ ಬರುವ ಹಣ ಇವು ಬೇಕು. ಕನ್ನಡದಲ್ಲಿ ತಿದ್ದುವ ಕೈಗಳು ಸ್ವಯಂಪ್ರೇರಣೆಯಿಂದ ಮುಂದೆ ಬಂದಿವೆ. ಅವರು ಹಸಿರಿಗೆ ತಂದ ಪುಟಗಳನ್ನು ತಮ್ಮ ಸೂಚಿಗೆ ಸೇರಿಸಿಕೊಂಡು, ಮುಂದಿನ ತಲೆಮಾರಿಗೆ ಉಳಿಸುವ ಹೊಣೆಯನ್ನು ವಿಶ್ವವಿದ್ಯಾನಿಲಯಗಳೂ ಸಾರ್ವಜನಿಕ ಗ್ರಂಥಾಲಯಗಳೂ ಹೊರಬೇಕಾಗಿದೆ.